ಅಲೆಯ ಮೇಲೆ ಆಟ, ಮರಳಿನ ಮೇಲೆ ಸೇವೆ

ದೇಶ ಸುತ್ತು, ಕೋಶ ಓದು ಎಂದು ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. ಮಠದ ಪ್ರಸಾದನಿಲಯದಲ್ಲಿ ಬೆಳೆದು, ತಾಳೆಗರಿ ಮತ್ತು ಹಸ್ತಪ್ರತಿಗಳ ನಡುವೆ ಬದುಕಿನ ಬಹುಭಾಗವನ್ನು ಕಳೆದ ನನಗೆ ಕೋಶ ಓದುವ ಭಾಗ್ಯ ಸಾಕಷ್ಟು ದೊರೆಯಿತು. ದೇಶ ಸುತ್ತುವ ಯೋಗ ಮಾತ್ರ ಅರವತ್ತು ದಾಟಿದ ಮೇಲೆ ಒದಗಿ ಬಂದಿತು. ಕಳೆದ ವರ್ಷ ಬೇಸಿಗೆಯಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿರುವ ಮಗನ ಮನೆಗೆ ಹೋಗಿದ್ದಾಗ, ಹತ್ತನೆಯ ತರಗತಿ ಮುಗಿಸಿದ್ದ ಮೊಮ್ಮಗಳು ಒಂದು ಸಂಜೆ ನನ್ನ ಪಕ್ಕದಲ್ಲಿ ಬಂದು ಕುಳಿತಳು.

“ಅಜ್ಜಾ, ನಾವು ಹದಿನಾಲ್ಕು ಮಂದಿ ಕೂಡಿ ಕೋಸ್ಟಾ ರಿಕಾಕ್ಕ ಹೊಂಟೀವ್ರಿ. ಮುಂಜಾನೆ ಸರ್ಫಿಂಗ್ ಕಲಿಯೂದು, ಮಧ್ಯಾಹ್ನ ಸೇವಾ ಮಾಡೂದು.”

ಉದ್ದನೆಯ ಹಲಗೆಯೊಂದರ ಮೇಲೆ ನಿಂತು, ಕಡಲಿನ ಅಲೆಯನ್ನೇರಿ ದಡದ ಕಡೆಗೆ ಜಾರಿ ಬರುವ ಕ್ರೀಡೆಗೆ ಸರ್ಫಿಂಗ್ ಎಂದು ಹೆಸರು. ಈ ಆಟವನ್ನೂ ಸೇವೆಯನ್ನೂ ಒಂದೇ ಉಸಿರಿನಲ್ಲಿ ಕೇಳಿದಾಗ, ಮೃಷ್ಟಾನ್ನ ಉಂಡು ಉಪವಾಸದ ಪುಣ್ಯವನ್ನು ಬಯಸಿದಂತಾಯಿತಲ್ಲ ಎನಿಸಿತು. ಆ ಪ್ರವಾಸಕ್ಕೆ ಒಬ್ಬೊಬ್ಬರಿಗೆ ತಗಲುವ ಹಣವನ್ನು ಕೇಳಿದ ಮೇಲಂತೂ ನಮ್ಮೂರಿನ ಶಾಲೆಯ ಎಷ್ಟು ಮಕ್ಕಳ ಪುಸ್ತಕಗಳಿಗೆ ಅದು ಸಾಕಾಗುತ್ತಿತ್ತೆಂದು ಮನಸ್ಸು ಲೆಕ್ಕ ಹಾಕತೊಡಗಿತು. “ಅಷ್ಟು ದೂರ ಹೋಗಿ ಮಾಡೂ ಸೇವಾ ಇಲ್ಲೇ ಮಾಡಾಕ ಬರೂದಿಲ್ಲೇನವ್ವಾ?” ಎಂದು ಕೇಳಿಯೇಬಿಟ್ಟೆ. ಅವಳ ಮುಖ ಬಾಡಿತು. ಸ್ವಲ್ಪ ಹೊತ್ತು ಸುಮ್ಮನಿದ್ದು, “ನೀವೂ ಬಂದು ನೋಡ್ರಿ, ಆಮ್ಯಾಲೆ ಹೇಳ್ರಿ” ಎಂದಳು.

ಮಗ ಮತ್ತು ಸೊಸೆ ರಜೆ ಪಡೆದು ಅದೇ ಊರಿನಲ್ಲಿ ಒಂದು ಚಿಕ್ಕ ಮನೆಯನ್ನು ಬಾಡಿಗೆಗೆ ಹಿಡಿದಿದ್ದರು. ಮಕ್ಕಳ ತಂಡ ತನ್ನ ಮುಖಂಡರೊಡನೆ ಬೇರೆ ಬಿಡಾರದಲ್ಲಿ. ನಾವು ಮೂವರು ಈ ಮನೆಯಲ್ಲಿ. ಹೀಗೆ ಜುಲೈ ತಿಂಗಳಿನಲ್ಲಿ ಹತ್ತು ದಿನ ಪೆಸಿಫಿಕ್ ಸಾಗರದ ಅಂಚಿನಲ್ಲಿ ಕಳೆಯುವ ಅವಕಾಶ ನನಗೆ ಲಭಿಸಿತು.

ಸೈನ್ಯವಿಲ್ಲದ ನಾಡು

ಉತ್ತರ ಮತ್ತು ದಕ್ಷಿಣ ಅಮೆರಿಕ ಖಂಡಗಳನ್ನು ಜೋಡಿಸುವ ಕಿರಿದಾದ ಭೂಪಟ್ಟಿಯಲ್ಲಿ ಕೋಸ್ಟಾ ರಿಕಾ ಇದೆ. ಒಂದು ಕಡೆ ಕೆರಿಬಿಯನ್ ಸಮುದ್ರ, ಇನ್ನೊಂದು ಕಡೆ ಪೆಸಿಫಿಕ್ ಮಹಾಸಾಗರ. ವಿಸ್ತೀರ್ಣ ಸುಮಾರು 51,100 ಚದರ ಕಿಲೋಮೀಟರು, ಎಂದರೆ ನಮ್ಮ ಕರ್ನಾಟಕದ ಕಾಲುಭಾಗಕ್ಕಿಂತ ತುಸು ಹೆಚ್ಚು. ಜನಸಂಖ್ಯೆ ಸುಮಾರು 50 ಲಕ್ಷ. ಜನರ ನುಡಿ ಸ್ಪ್ಯಾನಿಷ್. ಈ ಪುಟ್ಟ ದೇಶ 1948ರಲ್ಲಿ ತನ್ನ ಸೈನ್ಯವನ್ನು ವಿಸರ್ಜಿಸಿತು. ಮರುವರ್ಷದ ಸಂವಿಧಾನದಲ್ಲಿ ಅದನ್ನೇ ಶಾಸನವಾಗಿಸಿತು. ಅಂದಿನ ನಾಯಕ ಹೋಸೆ ಫಿಗೆರೆಸ್ ರಾಜಧಾನಿ ಸಾನ್ ಹೋಸೆಯ ಸೇನಾ ಠಾಣ್ಯದ ಗೋಡೆಗೆ ಸುತ್ತಿಗೆಯ ಪೆಟ್ಟು ಹಾಕಿ ಆ ನಿರ್ಧಾರವನ್ನು ಸಾರಿದರು. ಇಂದು ಅದೇ ಕಟ್ಟಡದಲ್ಲಿ ರಾಷ್ಟ್ರೀಯ ವಸ್ತುಸಂಗ್ರಹಾಲಯವಿದೆ. ಕೋವಿ ಇಡುತ್ತಿದ್ದ ಕೋಣೆಗಳಲ್ಲಿ ಈಗ ಪೂರ್ವಜರ ಮಡಕೆ, ಶಿಲ್ಪಗಳನ್ನು ಇಟ್ಟಿದ್ದಾರೆಂದು ಕೇಳಿ ನನ್ನಂಥ ಹಳೆಯ ಕಾಲದ ವಸ್ತುಗಳ ಹುಚ್ಚಿನವನಿಗೆ ಸಂತೋಷವಾಯಿತು.

ನಾವು ಇಳಿದದ್ದು ದೇಶದ ವಾಯವ್ಯ ಭಾಗದ ಗ್ವಾನಕಾಸ್ಟೆ ಪ್ರಾಂತದ ವಿಮಾನ ನಿಲ್ದಾಣದಲ್ಲಿ. ಅಲ್ಲಿಂದ ನಿಕೋಯಾ ಪರ್ಯಾಯದ್ವೀಪದ ಗುಡ್ಡಗಳನ್ನು ದಾಟಿ ನೊಸಾರಾ ಎಂಬ ಊರಿಗೆ ಹೋಗಬೇಕು. ಮಳೆಗಾಲ, ಕೊನೆಯ ದಾರಿಯಲ್ಲಿ ಹೊಂಡಗಳ ನಡುವೆ ರಸ್ತೆಯನ್ನು ಹುಡುಕಬೇಕಾಯಿತು. ಹಸಿರು ಗುಡ್ಡ, ಕೆಂಪು ಕೆಸರು, ಬೇಲಿಯಂಚಿನಲ್ಲಿ ಮೇಯುವ ಹೋರಿ-ಹಸು. ಅವುಗಳಲ್ಲಿ ಕೆಲವಕ್ಕೆ ನಮ್ಮ ನಾಡಿನ ದನಗಳಂತೆಯೇ ಭುಜದ ಮೇಲೆ ಡುಬ್ಬವಿತ್ತು. ಸಿರ್ಸಿಯ ದಾರಿಯಲ್ಲಿ ಹೋಗುತ್ತಿದ್ದೇನೆಯೋ ಎಂಬ ಭ್ರಮೆ ನನಗೆ ಎರಡು ಮೂರು ಸಲವಾದರೂ ಆಗಿರಬೇಕು.

ಪರದೇಶದಲ್ಲಿ ಶಾಕಾಹಾರಿಗೆ ಊಟದ ಚಿಂತೆ ಸಹಜ. ಆದರೆ ಇಲ್ಲಿನವರ ಬೆಳಗಿನ ಆಹಾರವೇ ಅನ್ನ ಮತ್ತು ಕರಿಯ ಅವರೆಯಂಥ ಕಾಳನ್ನು ಕೂಡಿಸಿ ಒಗ್ಗರಿಸಿದ ‘ಗಾಯೊ ಪಿಂಟೊ’. ಜೊತೆಗೆ ಮೆಕ್ಕೆಜೋಳದ ರೊಟ್ಟಿ, ಹುರಿದ ಬಾಳೆಕಾಯಿ. ರೊಟ್ಟಿ ನಮ್ಮ ಜೋಳದ ರೊಟ್ಟಿಯಷ್ಟು ಅಗಲವಿರಲಿಲ್ಲ, ಅಷ್ಟೆ. ಒಗ್ಗರಣೆಗೆ ಎಣ್ಣೆಯನ್ನೇ ಬಳಸಿರಿ, ಹಂದಿಯ ಕೊಬ್ಬು ಬೇಡ ಎಂದು ಸೊಸೆ ಮೊದಲೇ ಹೇಳಿಡುತ್ತಿದ್ದಳು. ಅಡುಗೆಯ ತಾಯಂದಿರು ನಕ್ಕು ಒಪ್ಪಿಕೊಳ್ಳುತ್ತಿದ್ದರು.

ಹಲಗೆಯ ಪಾಠ

ನೊಸಾರಾದ ಗಿಯೋನೆಸ್ ಕಡಲತೀರದಲ್ಲಿ ನಿಂತಾಗ ಮೊದಲು ಗಮನಕ್ಕೆ ಬಂದದ್ದು ಅಲ್ಲಿ ಇಲ್ಲದಿರುವ ವಸ್ತು. ಎಷ್ಟು ದೂರ ನೋಡಿದರೂ ಮರಳಿನಂಚಿನಲ್ಲಿ ಒಂದು ಹೋಟೆಲೂ ಇಲ್ಲ, ಒಂದು ಅಂಗಡಿಯೂ ಇಲ್ಲ. ದಟ್ಟವಾದ ಕಾಡಿನ ಪಟ್ಟಿ ಮಾತ್ರ. ಕಡಲಾಮೆಗಳಿಗಾಗಿ ಸ್ಥಾಪಿತವಾದ ಓಸ್ತಿಯೊನಾಲ್ ವನ್ಯಜೀವಿ ಆಶ್ರಯಧಾಮದ ಗಡಿ ದಡದಿಂದ 200 ಮೀಟರು ಒಳಗಿನವರೆಗೆ ಚಾಚಿಕೊಂಡಿರುವುದೇ ಇದಕ್ಕೆ ಕಾರಣ. ಹೋಟೆಲುಗಳೂ ಮನೆಗಳೂ ಆ ಕಾಡಿನ ಹಿಂದೆ ಅಡಗಿವೆ. ನಸುಕಿನಲ್ಲಿ ನಾನು ಪೂಜೆಗೆ ಕುಳಿತಾಗ ಆ ಮರಗಳಿಂದ ಕೂಗುಕೋತಿಗಳ ಆರ್ಭಟ ಕೇಳಿಬರುತ್ತಿತ್ತು. ಮೊದಲ ದಿನ ಹುಲಿಯೇ ಬಂದಿತೆಂದು ಬೆಚ್ಚಿದೆ. ಮೂರನೆಯ ದಿನಕ್ಕೆ ಅದು ಗಂಟೆಯ ನಾದದಷ್ಟೇ ರೂಢಿಯಾಯಿತು.

ಬೆಳಗಿನ ಆರೂವರೆಗೆ ಮಕ್ಕಳು ಹಲಗೆಗಳನ್ನು ಹೊತ್ತು ಬರುತ್ತಿದ್ದರು. ಕಲಿಯುವವರ ಹಲಗೆ ಎಂಟೊಂಬತ್ತು ಅಡಿ ಉದ್ದ, ಮೇಲ್ಮೈ ಮೆತ್ತಗೆ. ಹಲಗೆಯ ಹಿಂತುದಿಯಿಂದ ಹೊರಟ ಹಗ್ಗವನ್ನು ಪಾದದ ಗಂಟಿಗೆ ಕಟ್ಟಿಕೊಳ್ಳುತ್ತಾರೆ. ಮೊದಲ ದಿನ ಒಂದು ಗಂಟೆಯ ಕಾಲ ಯಾರನ್ನೂ ನೀರಿಗೆ ಬಿಡಲಿಲ್ಲ. ಮರಳಿನ ಮೇಲೆ ಬೋರಲು ಮಲಗಿ, ಕೈಯೂರಿ, ಒಮ್ಮೆಗೇ ನೆಗೆದು ನಿಲ್ಲುವ ಅಭ್ಯಾಸ. ಬಳಿಕ ಸೊಂಟದ ಮಟ್ಟದ ನೀರಿನಲ್ಲಿ, ಈಗಾಗಲೇ ಒಡೆದು ನೊರೆಯಾಗಿ ಬರುವ ಅಲೆಯ ಮೇಲೆ. ಒಡೆಯದ ಹಸಿರು ಅಲೆಯನ್ನು ಮುಟ್ಟುವ ಯೋಗ್ಯತೆ ನಾಲ್ಕನೆಯ ದಿನ ಬಂದಿತು, ಅದೂ ಎಲ್ಲರಿಗೂ ಅಲ್ಲ.

ಕಲಿಸುತ್ತಿದ್ದ ತರುಣ ಆ ಊರಿನವನೇ. ಅವನು ಹೇಳಿದ ಎರಡು ಮಾತುಗಳು ನನಗೆ ಹಿಡಿಸಿದವು. ಮೊದಲನೆಯದು ಅಲೆಯ ಸ್ವರೂಪ. ಈ ತಿಂಗಳುಗಳಲ್ಲಿ ದಕ್ಷಿಣ ಗೋಳಾರ್ಧದಲ್ಲಿ ಚಳಿಗಾಲ. ಅಲ್ಲಿನ ಬಿರುಗಾಳಿಗಳು ಎಬ್ಬಿಸಿದ ಅಲೆಗಳು ಸಾವಿರಾರು ಮೈಲಿ ನಡೆದು ಈ ದಡಕ್ಕೆ ಬರುತ್ತವೆ. ಆದರೆ ನಡೆದು ಬರುವುದು ನೀರಲ್ಲ, ಶಕ್ತಿ. ಕೆರೆಗೆ ಕಲ್ಲೆಸೆದಾಗ ತೇಲುವ ಎಲೆ ಇದ್ದಲ್ಲಿಯೇ ಏರಿಳಿಯುವಂತೆ ನೀರು ಬಹುಮಟ್ಟಿಗೆ ತನ್ನ ಸ್ಥಾನದಲ್ಲಿಯೇ ಸುತ್ತಿ ನಿಲ್ಲುತ್ತದೆ. ನೆಲ ಮೇಲೇರಿ ಆಳ ಕಡಿಮೆಯಾದಲ್ಲಿ ಅಲೆಯ ತಲೆ ಮುಂದಕ್ಕೆ ಬಾಗಿ ಒಡೆಯುತ್ತದೆ. ಎರಡನೆಯದು ಎಚ್ಚರಿಕೆ. ದಡಕ್ಕೆ ಬಂದ ನೀರು ಕೆಲವೆಡೆ ಕಿರಿದಾದ ಹರಿವಾಗಿ ಮರಳಿ ಕಡಲಿಗೆ ಓಡುತ್ತದೆ. ಆ ಸೆಳೆತಕ್ಕೆ ಸಿಕ್ಕವರು ಎದುರು ಈಜಿದರೆ ದಣಿದು ಮುಳುಗುತ್ತಾರೆ. ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಸರಿದವರು ಬದುಕುತ್ತಾರೆ.

ಇದು ಈ ಊರಿನಲ್ಲಿ ಹುಟ್ಟಿದ ಆಟವಲ್ಲ. ಹವಾಯಿ ದ್ವೀಪದ ಜನ ಅಲೆಯೇರುವುದನ್ನು ಕ್ಯಾಪ್ಟನ್ ಕುಕ್‌ನ ನೌಕೆಯವರು 1770ರ ದಶಕದ ಕೊನೆಯಲ್ಲಿ ಬೆರಗಿನಿಂದ ಬರೆದಿಟ್ಟರು. 19ನೆಯ ಶತಮಾನದಲ್ಲಿ ಅಲ್ಲಿಗೆ ಬಂದ ಪಾದ್ರಿಗಳ ಕಣ್ಣಿಗೆ ಇದು ಸೋಮಾರಿತನವಾಗಿ ಕಂಡು, ಆಟ ಬಹುತೇಕ ಕ್ಷೀಣಿಸಿತು. ಅದಕ್ಕೆ ಮತ್ತೆ ಜಗತ್ತಿನ ಮನ್ನಣೆ ತಂದವರು 1912ರ ಒಲಿಂಪಿಕ್ಸಿನಲ್ಲಿ ಈಜಿಗೆ ಚಿನ್ನ ಗೆದ್ದ ಹವಾಯಿಯ ಡ್ಯೂಕ್ ಕಹನಮೊಕು. 2021ರಲ್ಲಿ ಟೋಕಿಯೋದಲ್ಲಿ ನಡೆದ ಒಲಿಂಪಿಕ್ಸಿನಲ್ಲಿ ಸರ್ಫಿಂಗಿಗೂ ಸ್ಥಾನ ದೊರೆಯಿತು. ನಮ್ಮ ಕರಾವಳಿಯ ಮೂಲ್ಕಿಯಲ್ಲಿಯೂ 2004ರಿಂದ ಈ ಆಟದ ಕಲಿಕೆ ನಡೆದಿದೆ. ಅಲ್ಲಿ ಅದನ್ನು ಆರಂಭಿಸಿದವರು ಕೃಷ್ಣಭಕ್ತ ಸಾಧುಗಳೆಂಬುದು ಬಹುಜನರಿಗೆ ತಿಳಿಯದು. ಆಟವೆಂದ ಮಾತ್ರಕ್ಕೆ ಹಗುರವಾಗಿ ಕಾಣಬಾರದೆಂಬ ಅರಿವು ನನಗೆ ಆ ದಡದಲ್ಲಿ ಉಂಟಾಯಿತು. ನೂರು ಸಲ ಬಿದ್ದು ನೂರೊಂದನೆಯ ಸಲ ಎದ್ದು ನಿಂತ ಮೊಮ್ಮಗಳ ಮುಖವನ್ನು ಕಂಡಾಗ ಅಜ್ಜನ ಕಣ್ಣೂ ತುಂಬಿ ಬಂದಿತು.

ಒಂದು ಮಾತನ್ನು ಇಲ್ಲಿಯೇ ಹೇಳಬೇಕು. ಪರದೇಶದ ಸಿರಿವಂತರು ಈ ತೀರವನ್ನು ಮೆಚ್ಚಿ ಬಂದು ನೆಲ ಕೊಂಡ ಮೇಲೆ ಭೂಮಿಯ ಬೆಲೆ ಏರಿ, ಹುಟ್ಟೂರಿನಲ್ಲಿ ಮನೆ ಕಟ್ಟುವುದು ಸ್ಥಳೀಯರ ಮಕ್ಕಳಿಗೆ ದುಸ್ತರವಾಗಿದೆ. ಆಟ ಕಲಿಸುವ ಆ ತರುಣನೂ ಅದನ್ನೇ ಹೇಳಿದನು. ಅಲೆಗಾಗಿ ಬಂದವರೇ ಅವನಿಗೆ ಅನ್ನ ಕೊಡುವವರು, ಅವನ ನೆಲ ಕಳೆಯುವವರೂ ಅವರೇ.

ಮೊಟ್ಟೆಯ ನ್ಯಾಯ

ನೊಸಾರಾದಿಂದ ಉತ್ತರಕ್ಕೆ ಕೆಲವೇ ಕಿಲೋಮೀಟರು ದೂರದಲ್ಲಿ ಓಸ್ತಿಯೊನಾಲ್ ಎಂಬ ಹಳ್ಳಿ. ಒಂದು ಮೈದಾನ, ಶಾಲೆ, ಕೆಲವು ಅಂಗಡಿ, ಎದುರಿಗೆ ಕಪ್ಪು ಮರಳಿನ ತೀರ. ಆಲಿವ್ ರಿಡ್ಲೆ ಎಂಬ ಜಾತಿಯ ಕಡಲಾಮೆಗಳು ಸಾವಿರ ಸಾವಿರವಾಗಿ ಒಂದೇ ಕಾಲಕ್ಕೆ ದಡವೇರಿ ಮೊಟ್ಟೆಯಿಡುವ ತೀರಗಳು ಜಗತ್ತಿನಲ್ಲಿ ಕೆಲವೇ ಇವೆ. ನಮ್ಮ ಒಡಿಶಾದ ಗಹಿರ್ಮಠ, ಋಷಿಕುಲ್ಯಾ ತೀರಗಳಂತೆ ಇದೂ ಒಂದು. ಈ ಮಹಾಗಮನಕ್ಕೆ ಸ್ಪ್ಯಾನಿಷಿನಲ್ಲಿ ‘ಅರಿಬಾದಾ’ ಎನ್ನುತ್ತಾರೆ. ವರ್ಷದ ಬಹುತೇಕ ತಿಂಗಳುಗಳಲ್ಲಿ, ಹೆಚ್ಚಾಗಿ ಕೃಷ್ಣಪಕ್ಷದ ಅಷ್ಟಮಿಯ ಆಸುಪಾಸಿನಲ್ಲಿ ಅದು ಆರಂಭವಾಗಿ ಹಲವು ದಿನ ನಡೆಯುತ್ತದೆ. ಮಳೆಗಾಲದಲ್ಲಿ ದೊಡ್ಡದು. ದಿನವನ್ನು ನಿಶ್ಚಯಿಸಿ ಹೇಳುವಂತಿಲ್ಲ. ಆಮೆಗಳಿಗೆ ಅವುಗಳದೇ ಪಂಚಾಂಗ.

ಮಕ್ಕಳ ಸೇವೆ ಈ ಹಳ್ಳಿಯಲ್ಲಿ. ಮಳೆಗಾಲದ ಹೊಳೆಗಳು ಕಾಡಿನಿಂದ ಕೊಚ್ಚಿ ತಂದ ಮರದ ದಿಮ್ಮಿಗಳು ತೀರದಲ್ಲಿ ಅಡ್ಡಾದಿಡ್ಡಿ ಬಿದ್ದಿರುತ್ತವೆ. ದಡವೇರುವ ಆಮೆಗೆ, ಕಡಲಿಗೆ ಮರಳುವ ಮರಿಗೆ ಅವು ಗೋಡೆಗಳು. ಅವನ್ನು ಎಳೆದು ಮೇಲೆ ಹಾಕುವುದು, ಪ್ಲಾಸ್ಟಿಕ್ ಆಯುವುದು, ಇವೇ ಮಕ್ಕಳಿಗೆ ಹಚ್ಚಿದ ಕೆಲಸ. ಮೊದಲ ಮಧ್ಯಾಹ್ನ ಹದಿನಾಲ್ಕು ಮಂದಿ ಸೇರಿ ಎಳೆದ ದಿಮ್ಮಿಗಳಿಗಿಂತ ಹಳ್ಳಿಯ ನಾಲ್ವರು ಎಳೆದದ್ದೇ ಹೆಚ್ಚು.

ನಾವು ಬಂದ ಐದನೆಯ ರಾತ್ರಿ ಆಮೆಗಳು ಬರತೊಡಗಿದವು. ಮರುದಿನ ಬೆಳಗಾಗುತ್ತಲೇ ತೀರಕ್ಕೆ ಹೋದ ನಾನು ಕಂಡ ದೃಶ್ಯಕ್ಕೆ ಸಿದ್ಧನಿರಲಿಲ್ಲ. ಹಳ್ಳಿಯ ಗಂಡಸರು ಬರಿಗಾಲಿನ ಹಿಮ್ಮಡಿಯಿಂದ ಮರಳನ್ನು ಒತ್ತಿ ಒತ್ತಿ, ಸಡಿಲವಿರುವ ಸ್ಥಳವನ್ನು ಗುರುತಿಸುತ್ತಿದ್ದರು. ಹೆಂಗಸರು ಮೊಣಕಾಲೂರಿ ಅಗೆದು, ಒಂದೊಂದು ಕುಳಿಯಿಂದ ನೂರರಷ್ಟು ಬಿಳಿಯ ದುಂಡು ಮೊಟ್ಟೆಗಳನ್ನು ಎತ್ತಿ ಚೀಲಕ್ಕೆ ತುಂಬುತ್ತಿದ್ದರು. ಕಾಯುವವರೇ ಕೊಯ್ಯುತ್ತಿದ್ದಾರೆಯೆ? ಕಾಲಿನ ಕೆಳಗಿನ ಮರಳೇ ಜಾರಿದಂತಾಯಿತು.

ಸೊಸೆಗೆ ಸ್ಪ್ಯಾನಿಷ್ ಬರುತ್ತದೆ. ಅವಳ ಮೂಲಕ, ಮೊಟ್ಟೆ ಎತ್ತುತ್ತಿದ್ದ ನನ್ನ ವಯಸ್ಸಿನ ತಾಯಿಯೊಬ್ಬರನ್ನು ಕೇಳಿದೆ. ಅವರು ಸೊಂಟ ನೇರ ಮಾಡಿಕೊಂಡು ಶಾಂತವಾಗಿ ಹೇಳಿದರು: “ಇವತ್ತಿನ ಮೊಟ್ಟೆ ಉಳಿಯುವುದಿಲ್ಲ. ನಾಳೆ ನಾಡಿದ್ದು ಬರುವ ಆಮೆಗಳು ಇದೇ ಸ್ಥಳವನ್ನು ಅಗೆದು ಇವನ್ನು ಒಡೆಯುತ್ತವೆ. ಒಡೆದದ್ದು ಕೊಳೆತು, ಒಳ್ಳೆಯ ಮೊಟ್ಟೆಯನ್ನೂ ಕೆಡಿಸುತ್ತದೆ. ಇವು ನಮ್ಮ ಪಾಲು. ಈ ಪಾಲು ಇರುವುದರಿಂದಲೇ ಉಳಿದ ದಿನಗಳಲ್ಲಿ ರಾತ್ರಿಯೆಲ್ಲ ಕುಳಿತು ಕಾಯುತ್ತೇವೆ.”

ಕೋಸ್ಟಾ ರಿಕಾ ವಿಶ್ವವಿದ್ಯಾಲಯದ ವಿಜ್ಞಾನಿಗಳ ಅಧ್ಯಯನದ ಆಧಾರದ ಮೇಲೆ 1987ರಿಂದ ಈ ವ್ಯವಸ್ಥೆ ಕಾನೂನಿನ ಒಪ್ಪಿಗೆಯಿಂದ ನಡೆದಿದೆ. ಆಗಮನದ ಮೊದಲ 36 ಗಂಟೆಗಳಲ್ಲಿ ಮಾತ್ರ, ಹಳ್ಳಿಯ ಅಭಿವೃದ್ಧಿ ಸಂಘದ ಸದಸ್ಯರು ಮಾತ್ರ ಮೊಟ್ಟೆ ತೆಗೆಯಬಹುದು. ಬಂದ ಹಣದಲ್ಲಿ ಸದಸ್ಯರಿಗೆ ಪಾಲು, ಊರಿನ ಕೆಲಸಗಳಿಗೆ ಪಾಲು. ಪ್ರತಿಯಾಗಿ ಅವರು ಕಳ್ಳರನ್ನು ತಡೆಯಬೇಕು, ತೀರವನ್ನು ಶುಚಿಯಾಗಿಡಬೇಕು, ಮರಿಗಳು ಹೊರಬರುವಾಗ ನಾಯಿ, ರಣಹದ್ದುಗಳಿಂದ ಕಾಪಾಡಬೇಕು. ರಾಶಿರಾಶಿಯಾಗಿ ಆಮೆ ಬರುವ ಇಂಥ ತೀರಕ್ಕಷ್ಟೇ ಹೊಂದುವ ನ್ಯಾಯವಿದು. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಈ ಆಮೆಯ ಮೊಟ್ಟೆ ಮುಟ್ಟುವುದೇ ಅಪರಾಧ.

ಜೀವದಯೆಯ ಮಾತನ್ನು ಕೇಳುತ್ತ, ಹೇಳುತ್ತ ಮುದುಕನಾದ ನನ್ನ ಮನಸ್ಸು ಆ ಚೀಲಗಳನ್ನು ಕಂಡು ಇಂದಿಗೂ ಒಪ್ಪಿದೆಯೆಂದು ಹೇಳಲಾರೆ. ಆದರೆ ಖಂಡಿಸುವ ಮಾತು ನನ್ನ ಬಾಯಿಯಿಂದ ಬರಲಿಲ್ಲ. ಆಮೆಗಾಗಿ ಒಂದು ರಾತ್ರಿಯೂ ನಿದ್ದೆಗೆಡದ ನನಗೆ, ಬದುಕಿಡೀ ನಿದ್ದೆಗೆಟ್ಟವರಿಗೆ ದಯೆಯ ಪಾಠ ಹೇಳುವ ಅಧಿಕಾರವೆಲ್ಲಿಯದು?

ಒಂದು ಬೆಳಕಿನ ಪ್ರಮಾದ

ಆ ರಾತ್ರಿ ಮಕ್ಕಳನ್ನು ತೀರಕ್ಕೆ ಕರೆದೊಯ್ದರು. ನಾವೂ ಹಿಂದೆ ನಿಂತೆವು. ಮಾರ್ಗದರ್ಶಿಯ ಕೈಯಲ್ಲಿ ಮಂದವಾದ ಕೆಂಪು ದೀಪ. ಬೇರೆ ಬೆಳಕು ನಿಷಿದ್ಧ. ದಡವೇರುತ್ತಿರುವ ಆಮೆಗೆ ಬೆಳಕು ಬಿದ್ದರೆ ಅದು ಬೆದರಿ ಮೊಟ್ಟೆಯಿಡದೆ ಹಿಂದಿರುಗುತ್ತದೆ. 2015ರ ಸೆಪ್ಟೆಂಬರಿನಲ್ಲಿ ಇದೇ ತೀರದಲ್ಲಿ ಪ್ರವಾಸಿಗರು ನೂರುಗಟ್ಟಲೆ ನುಗ್ಗಿ, ಮಕ್ಕಳನ್ನು ಆಮೆಯ ಬೆನ್ನಿನ ಮೇಲೆ ಕೂಡಿಸಿ ಚಿತ್ರ ತೆಗೆದ ಕಾರಣ ಅನೇಕ ಆಮೆಗಳು ಮೊಟ್ಟೆಯಿಡದೆ ಮರಳಿದ್ದವು. ಆ ಕಥೆಯನ್ನು ಹೇಳಿಯೇ ಮಕ್ಕಳನ್ನು ಒಳಗೆ ಬಿಟ್ಟಿದ್ದರು.

ಕತ್ತಲಲ್ಲಿ ಕಣ್ಣು ಹೊಂದಿಕೊಂಡಂತೆ ತೀರವೇ ಚಲಿಸುತ್ತಿದೆ ಎನಿಸಿತು. ಒಂದೊಂದೂ ನಲವತ್ತು ಕಿಲೋಗ್ರಾಮಿನಷ್ಟು ತೂಗುವ ತಾಯಂದಿರು ಉಸ್ಸೆಂದು ಉಸಿರು ಬಿಡುತ್ತ, ಮೈಯನ್ನು ಎಳೆಯುತ್ತ, ನಿಲ್ಲುತ್ತ, ಮತ್ತೆ ಎಳೆಯುತ್ತ ಬರುತ್ತಿದ್ದರು. ಹಿಂಗಾಲುಗಳಿಂದ ಅವು ಕುಳಿ ತೋಡುವ ಪರಿಯನ್ನು ನೋಡಿದರೆ, ಕಣ್ಣಿಲ್ಲದ ಕೈಗಳಿಗೆ ಈ ಕುಶಲತೆ ಎಲ್ಲಿಂದ ಬಂತೆಂದು ಆಶ್ಚರ್ಯವಾಗುತ್ತದೆ. ಮೊಟ್ಟೆಯಿಟ್ಟು, ಮರಳು ಮುಚ್ಚಿ, ಮೈಯಿಂದ ಕುಟ್ಟಿ ಗಟ್ಟಿ ಮಾಡಿ, ಹಿಂದಿರುಗಿ ನೋಡದೆ ಕಡಲಿಗೆ ಹೋಗುತ್ತವೆ.

ಆಗ ಥಟ್ಟನೆ ಒಂದು ಬಿಳಿಯ ಬೆಳಕು ಮಿಂಚಿತು. ಎದುರಿನಲ್ಲಿ ದಡವೇರುತ್ತಿದ್ದ ಆಮೆ ನಿಂತಿತು. ನಿಧಾನವಾಗಿ ತಿರುಗಿ ನೀರಿಗೆ ಇಳಿದುಹೋಯಿತು. ಬೆಳಕು ಬಂದದ್ದು ನನ್ನ ಮೊಮ್ಮಗಳ ಕೈಯಲ್ಲಿದ್ದ ಫೋನಿನಿಂದ.

ಕಾವಲಿನ ಹೆಣ್ಣುಮಗಳು ಗದರಲಿಲ್ಲ. ಎರಡೇ ಮಾತು ಹೇಳಿದಳು. ಇಡೀ ತಂಡವನ್ನು ತೀರದಿಂದ ಹೊರಗೆ ಕಳುಹಿಸಿದರು. ಹದಿಮೂರು ಮಂದಿಯ ಮೌನದ ನಡುವೆ ನಡೆದು ಬಂದ ನನ್ನ ಕೂಸು ಮನೆಯ ಮೆಟ್ಟಿಲ ಮೇಲೆ ಕುಳಿತು ಬಿಕ್ಕಿ ಬಿಕ್ಕಿ ಅತ್ತಳು. “ಸೇವಾ ಮಾಡಾಕ ಬಂದು ಕೆಡಿಸಿಬಿಟ್ಟೆ ಅಜ್ಜಾ” ಎಂದಳು. ನಾನು ಕ್ಯಾಲಿಫೋರ್ನಿಯಾದಲ್ಲಿ ಕೇಳಿದ ಪ್ರಶ್ನೆ ಆ ಹೊತ್ತಿಗೆ ನಮ್ಮಿಬ್ಬರ ನಡುವೆ ಕುಳಿತಿತ್ತು. ಅದನ್ನು ಎತ್ತಲು ನನಗೆ ಮನಸ್ಸಾಗಲಿಲ್ಲ.

ಅದರ ಬದಲು ಮಠದ ನೆನಪೊಂದನ್ನು ಹೇಳಿದೆ. ನಾನು ಪ್ರಸಾದನಿಲಯಕ್ಕೆ ಸೇರಿದಾಗ ಹನ್ನೊಂದು ವರ್ಷ. ಜಾತ್ರೆಯ ದಾಸೋಹದಲ್ಲಿ ಪಂಕ್ತಿಗೆ ಬಡಿಸಬೇಕೆಂಬ ಆಸೆ. ಎಲ್ಲರೂ ನೋಡುತ್ತಾರಲ್ಲ! ಆದರೆ ಹೊಸ ಹುಡುಗರಿಗೆ ಬಡಿಸುವ ಭಾಗ್ಯವಿರಲಿಲ್ಲ. ಕೊಪ್ಪರಿಗೆ ತಿಕ್ಕುವುದು, ನೀರು ಸೇದುವುದು, ಎಲೆ ತೆಗೆಯುವುದು. ಒಮ್ಮೆ ಕಣ್ಣು ತಪ್ಪಿಸಿ ಸಾರಿನ ಬಕೆಟ್ಟು ಹಿಡಿದು ಹೋಗಿ, ಎಡವಿ, ವೃದ್ಧರೊಬ್ಬರ ಎಲೆಯ ಮೇಲೆಯೇ ಚೆಲ್ಲಿದೆ. ಹಿರಿಯರು ಹೊಡೆಯಲಿಲ್ಲ. “ನೀ ಅವರಿಗೆ ಬಡಿಸಾಕ ಹೋಗಿರಲಿಲ್ಲಪಾ, ನಿನ್ನನ್ನ ತೋರಿಸಾಕ ಹೋಗಿದ್ದಿ” ಎಂದರು. ಅರ್ಧ ಶತಮಾನ ಕಳೆದರೂ ಆ ಮಾತಿನ ಬಿಸಿ ಆರಿಲ್ಲ. ಮೊಮ್ಮಗಳು ಕೇಳಿ ಬಹಳ ಹೊತ್ತು ಸುಮ್ಮನಿದ್ದಳು.

ಮರುದಿನ ಅವಳು ಫೋನನ್ನು ತಾಯಿಯ ಕೈಗೆ ಕೊಟ್ಟು ತೀರಕ್ಕೆ ಹೋದಳು. ಕಾವಲಿನ ಹೆಣ್ಣುಮಗಳ ಮುಂದೆ ನಿಂತು, ತನಗೆ ತಿಳಿದಷ್ಟು ಸ್ಪ್ಯಾನಿಷಿನಲ್ಲಿ ಕ್ಷಮೆ ಬೇಡಿ, ಏನು ಮಾಡಲಿ ಎಂದು ಕೇಳಿದಳು. ಆಕೆ ಒಂದು ಗೋಣಿಚೀಲವನ್ನು ಕೈಗಿತ್ತಳು. ಉಳಿದ ದಿನಗಳಲ್ಲಿ ಮುಂಜಾನೆಯ ಅಲೆಯಾಟ ಮುಗಿಸಿ ಮೊದಲು ಹೋಗುತ್ತಿದ್ದವಳೂ ಅವಳೇ, ಕೊನೆಗೆ ಬರುತ್ತಿದ್ದವಳೂ ಅವಳೇ. ಕೊನೆಯ ರಾತ್ರಿ ತಂಡವನ್ನು ಮತ್ತೆ ತೀರಕ್ಕೆ ಬಿಟ್ಟರು. ಆ ರಾತ್ರಿಯ ಒಂದು ಚಿತ್ರವೂ ನಮ್ಮ ಮನೆಯಲ್ಲಿಲ್ಲ.

ಮರಳಿ ಮನೆಗೆ

ವಿಮಾನದಲ್ಲಿ ಅವಳೇ ಮಾತು ತೆಗೆದಳು. “ಅಜ್ಜಾ, ನಾವು ಬರದಿದ್ದರೂ ಅವರ ಕೆಲಸ ನಡೀತಿತ್ತು, ಅಲ್ಲೇನ್ರಿ?” ನಡೆಯುತ್ತಿತ್ತು, ನಿಜ. ಹದಿನಾಲ್ಕು ಮಕ್ಕಳು ಹತ್ತು ದಿನ ಎಳೆದ ದಿಮ್ಮಿಗಳಿಂದ ಆಮೆಯ ಕುಲ ಉಳಿಯುವುದಿಲ್ಲ. ತಿಂಗಳು ತಿಂಗಳೂ ಕಾಯುವ ಆ ಹಳ್ಳಿಯವರಿಂದ ಉಳಿಯುತ್ತದೆ. ಅವರದು ಕಾಯಕ, ಮಕ್ಕಳದು ಆ ಕಾಯಕದ ಬಾಗಿಲಲ್ಲಿ ನಿಂತು ಪಡೆದ ಶಿಕ್ಷಣ. ಅದನ್ನು ಶಿಕ್ಷಣವೆಂದು ಕರೆದರೆ ಪ್ರವಾಸಕ್ಕೆ ಬೆಲೆಯುಂಟು. ಉಪಕಾರವೆಂದು ಕರೆದರೆ ಅದೇ ಸಾರು ಚೆಲ್ಲಿದ ಹುಡುಗನ ಕಥೆ.

ಇಂದು ನಮ್ಮ ಸಮಾಜದ ಅನೇಕ ಕುಟುಂಬಗಳ ಮಕ್ಕಳು ಪರದೇಶಗಳಲ್ಲಿ ಓದುತ್ತಿದ್ದಾರೆ. ಇಲ್ಲಿನ ಶಾಲೆಗಳೂ ಇಂಥ ಪ್ರವಾಸಗಳನ್ನು ಏರ್ಪಡಿಸುವುದುಂಟು. ಕಳುಹಿಸುವ ತಂದೆತಾಯಿಗಳು ಮೂರು ಪ್ರಶ್ನೆಗಳನ್ನು ಕೇಳಿದರೆ ಒಳಿತು. ಕೆಲಸವನ್ನು ನಿಶ್ಚಯಿಸುವವರು ಆ ಊರಿನವರೋ, ಪ್ರವಾಸ ಏರ್ಪಡಿಸಿದವರೋ? ಕೊಟ್ಟ ಹಣದಲ್ಲಿ ಆ ಊರಿಗೆ ಸಲ್ಲುವುದೆಷ್ಟು? ನಮ್ಮ ಮಕ್ಕಳು ಮರಳಿದ ಮೇಲೆಯೂ ಆ ಕೆಲಸ ನಡೆಯುವುದೋ, ನಿಲ್ಲುವುದೋ? ಇವಕ್ಕೆ ನೇರವಾದ ಉತ್ತರ ಸಿಕ್ಕರೆ ಧಾರಾಳವಾಗಿ ಕಳುಹಿಸಿರಿ. ಅಲೆಯಾಟವೂ ಇರಲಿ, ಅದರಲ್ಲಿ ದೋಷವಿಲ್ಲ.

ಮುಂದಿನ ವರ್ಷ ಮೊಮ್ಮಗಳು ಊರಿಗೆ ಬರುವವಳಿದ್ದಾಳೆ. ಹೊನ್ನಾವರದ ಕಾಸರಕೋಡು ತೀರಕ್ಕೂ ಇದೇ ಜಾತಿಯ ಆಮೆಗಳು ಬಂದು ಮೊಟ್ಟೆಯಿಡುತ್ತವೆಂದು ನಾನು ತಿಳಿಸಿದಾಗ ಫೋನಿನಲ್ಲಿಯೇ ಹಿಗ್ಗಿದಳು. “ಹೋಗೂಣ್ರಿ ಅಜ್ಜಾ, ಅಲ್ಲಿ ಏನು ಮಾಡೂದೈತಿ?” ಎಂದು ಕೇಳಿದಳು, ತಕ್ಷಣ ತಾನೇ ತಿದ್ದಿಕೊಂಡಳು: “ಬ್ಯಾಡ್ರಿ, ಅಲ್ಲಿ ಮೀನುಗಾರರನ್ನ ಮೊದಲು ಕೇಳೂಣು.”